ತವರಿನ ಆಸ್ತಿಯಲ್ಲಿ ಮಗಳ ಪಾಲು

ಅರಿಸಿನ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಕಳಿಸಿದರೆ ಮಗಳ ಋಣ ತೀರಿತೆಂದು ಭಾವಿಸುವ ಮನೆಗಳು ನಮ್ಮಲ್ಲಿ ಇಂದಿಗೂ ವಿರಳವಲ್ಲ. ಹಿರಿಯರ ಆಸ್ತಿಯ ಮಾತು ಬಂದೊಡನೆ ಆಕೆ ಹೊರಗಿನವಳು. ಈ ಭಾವನೆಗೆ ಆಧಾರವಾಗಿ ನಿಂತ ಮಿತಾಕ್ಷರವು ಹುಟ್ಟಿದ್ದು ಕನ್ನಡನಾಡಿನಲ್ಲಿಯೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಆ ವ್ಯಾಖ್ಯಾನದಂತೆ ಕುಲದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. (ಸ್ತ್ರೀಧನದ ವಿಷಯದಲ್ಲಿ ಆತ ಉದಾರಿಯಾಗಿದ್ದನೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ!)

ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಕಾಯಿದೆ ಮಾಡಿ, ಆಸ್ತಿ ವಿಭಾಗವಾಗುವಾಗ ಅವಿವಾಹಿತ ಪುತ್ರಿಗೆ ಸೋದರನ ಪಾಲಿನ ಕಾಲುಭಾಗವನ್ನು ಕೊಡಿಸಿತ್ತು. ಅನಂತರ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಅದರ ಲೆಕ್ಕ ವಿಚಿತ್ರವಾದುದು. ಹನ್ನೆರಡು ಎಕರೆ ಪಿತ್ರಾರ್ಜಿತ ಜಮೀನು. ಪತ್ನಿಯನ್ನು ಮೊದಲೇ ಕಳೆದುಕೊಂಡ ತಂದೆ, ಒಬ್ಬ ಮಗ, ಒಬ್ಬ ಮಗಳು ಎಂದಿಟ್ಟುಕೊಳ್ಳಿ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮೊದಲು ತಂದೆಗೆ ಆರು, ಮಗನಿಗೆ ಆರು ಎಂದು ಕಾಗದದ ಮೇಲೆ ಭಾಗವಾಗುವುದು. ಆ ಬಳಿಕ ತಂದೆಯ ಆರನ್ನು ಮಕ್ಕಳಿಬ್ಬರೂ ಸಮನಾಗಿ ಹಂಚಿಕೊಳ್ಳುವರು. ಅಂತೂ ಮಗನಿಗೆ ಒಂಬತ್ತು, ಮಗಳಿಗೆ ಮೂರು.

ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದು ಮಗಳಿಗೂ ಜನ್ಮಸಿದ್ಧ ಹಕ್ಕನ್ನಿತ್ತಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿರಿಸಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ಅಳಿಸಿತು. ಮೇಲಿನ ಲೆಕ್ಕ ಈಗ ಆರಕ್ಕೆ ಆರು.

ಆದರೆ ತಂದೆ ಅದಕ್ಕೆ ಮೊದಲೇ ಕಾಲವಾಗಿದ್ದರೆ? ಈ ಪ್ರಶ್ನೆಯನ್ನು ದೆಹಲಿಗೆ ಕೊಂಡೊಯ್ದವುಗಳಲ್ಲಿ ಎರಡು ಮೊಕದ್ದಮೆಗಳು ನಮ್ಮ ನಾಡಿನವೇ. ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ದಾವೆಯಲ್ಲಿ ತಂದೆ ತೀರಿಕೊಂಡದ್ದು 1988ರಲ್ಲಿ. ರಾಜ್ಯದ ಉಚ್ಚ ನ್ಯಾಯಾಲಯವು ಮಗಳ ಪರವಾಗಿ ನಿಂತಿತು. ಆ ದಿನಾಂಕದಂದು ತಂದೆಯೂ ಜೀವಿಸಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಅದನ್ನು ತಳ್ಳಿಹಾಕಿತು. ಮುದ್ದೇಬಿಹಾಳದ ಪ್ರಕರಣದಲ್ಲಿ ತಂದೆ 2001ರಲ್ಲಿಯೇ ಗತಿಸಿದ್ದರು. 1956ಕ್ಕೆ ಮೊದಲೇ ಹುಟ್ಟಿದವರೆಂದು ಅಲ್ಲಿನ ನ್ಯಾಯಾಲಯ ಹೆಣ್ಣುಮಕ್ಕಳಿಬ್ಬರನ್ನೂ ಬರಿಗೈಯಲ್ಲಿ ಕಳಿಸಿತು, ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ತಲಾ ಐದನೆಯ ಒಂದು ಪಾಲನ್ನು ಕೊಟ್ಟಿತು! ಒಂದೇ ನ್ಯಾಯಾಲಯದಿಂದ ಮೂರು ವರ್ಷಗಳೊಳಗೆ ಹೊರಟ ಈ ಎರಡು ತೀರ್ಪುಗಳಲ್ಲಿ ಯಾವುದನ್ನು ನಂಬಬೇಕೆಂದು ಕೆಳಗಿನ ನ್ಯಾಯಾಧೀಶರೇ ತಬ್ಬಿಬ್ಬಾದುದು ಸಹಜ.

2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲವನ್ನು ನಿವಾರಿಸಿತು. ಹಕ್ಕು ಹುಟ್ಟಿನಿಂದ ಬಂದದ್ದು; ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿಹೋದ ವಿಭಾಗಕ್ಕೆ ಮಾತ್ರ ಭಂಗವಿಲ್ಲ. ಪಂಚರ ಮುಂದೆ ಬಾಯಿಮಾತಿನಲ್ಲಿ ಭಾಗವಾಗಿತ್ತೆಂದು ಅಣ್ಣತಮ್ಮಂದಿರು ವಾದಿಸಿದರೆ ಅದು ಸಲ್ಲದು. ಸರಕಾರಿ ದಾಖಲೆಗಳ ಬಲವಿರುವ ಅಪರೂಪದ ಪ್ರಸಂಗಗಳು ಮಾತ್ರ ಇದಕ್ಕೆ ಹೊರತು.

ತಂದೆಯ ಸ್ವಯಾರ್ಜಿತದ ಮಾತು ಬೇರೆ. ಅದನ್ನು ಅವನು ತನಗೆ ಬೇಕಾದವರಿಗೆ ಉಯಿಲು ಬರೆಯಬಲ್ಲ. ಇನ್ನು ಹಬ್ಬಕ್ಕೆ ಕರೆದು, ಸೀರೆ ಉಡುಗೊರೆ ಕೊಟ್ಟು, ಮರುದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಣ್ಣಂದಿರೂ ಉಂಟು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಆಕೆ ಓದದೆಯೇ ರುಜು ಹಾಕುವಳು. ಹಾಗೆ ನೋಂದಣಿಯಾದ ಪತ್ರವನ್ನು ಮೋಸವನ್ನೋ ಬಲವಂತವನ್ನೋ ರುಜುವಾತುಪಡಿಸದ ಹೊರತು ರದ್ದುಗೊಳಿಸುವುದು ಸುಲಭವಲ್ಲ.