ಕರಜಗಿಯಿಂದ ಧ್ರುವಕ್ಕೆ ಎಷ್ಟು ದೂರ?

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಸಂಭ್ರಮ. ಬಸ್ಸು ಗೊತ್ತುಮಾಡುವುದು, ಹಣ ಕೂಡಿಸುವುದು, ಬುತ್ತಿ ಕಟ್ಟುವುದು ಎಲ್ಲವೂ ನಡೆಯುತ್ತದೆ. ಮಕ್ಕಳು ಏನನ್ನು ಕಲಿತು ಬರಬೇಕು ಎಂಬ ಪ್ರಶ್ನೆ ಮಾತ್ರ ಕಡೆಗೆ ಉಳಿದುಬಿಡುತ್ತದೆ. ಕೂಲಿ ಮಾಡುವ ತಾಯಿ ಉಳಿಸಿಟ್ಟ ಹಣದಿಂದ ಮಗು ಪ್ರವಾಸಕ್ಕೆ ಹೊರಟಾಗ ಹಾಡು, ತಿಂಡಿ, ಒಂದು ಗುಂಪುಚಿತ್ರ ಇಷ್ಟೇ ಸಾಕೇ?

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಕರಜಗಿ ಮಹಾರಾಷ್ಟ್ರದಲ್ಲಿದ್ದರೂ ಕನ್ನಡ ಮಾತಾಡುವ ಗಡಿಯೂರು. ಜೋಳ, ತೊಗರಿಯ ಸೀಮೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇಲ್ಲಿನ ಮಗುವಿಗೆ ಹಿಮವೆಂದರೆ ಐಸ್‌ಕ್ಯಾಂಡಿ. ಅಂಟಾರ್ಕ್ಟಿಕಾ ಎಂದರೆ ನಕಾಶೆಯ ತಳದಲ್ಲಿರುವ ಬಿಳಿ ಪಟ್ಟಿ. 'ಅದರಿಂದ ನಮಗೇನು?' ಎಂದು ಮಗು ಕೇಳಿದರೆ ತಪ್ಪಲ್ಲ. ಉತ್ತರ ತೋರಿಸುವ ಹೊಣೆ ಹಿರಿಯರಾದ ನಮ್ಮದು.

ಲೋಕದ ಸಿಹಿನೀರಿನಲ್ಲಿ ಸುಮಾರು ಶೇಕಡ 70 ಭಾಗ ಅಂಟಾರ್ಕ್ಟಿಕಾದಲ್ಲಿ ಹಿಮವಾಗಿ ಕುಳಿತಿದೆ. ಆ ಹಿಮದ ಸರಾಸರಿ ದಪ್ಪ ಸುಮಾರು ಎರಡು ಕಿಲೋಮೀಟರ್. 1983ರ ಜುಲೈ 21ರಂದು ಅಲ್ಲಿನ ವೋಸ್ಟಾಕ್ ಕೇಂದ್ರದಲ್ಲಿ ಸೊನ್ನೆಗಿಂತ 89.2 ಡಿಗ್ರಿ ಕೆಳಗಿನ ಚಳಿ ದಾಖಲಾಯಿತು. ಈ ಹಿಮ ಸೂರ್ಯನ ಬಿಸಿಲನ್ನು ಹಿಂದಕ್ಕೆ ಕಳಿಸಿ ಭೂಮಿಯನ್ನು ತಂಪಾಗಿಡುತ್ತದೆ. ಧ್ರುವಗಳ ಹಿಮಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ವಿಜ್ಞಾನಿಗಳು ಅಭ್ಯಸಿಸುತ್ತಿದ್ದಾರೆ. ಮುಗಿಲು ನೋಡಿ ಬಿತ್ತುವ ರೈತನ ಮಗುವಿಗೆ ಇದು ದೂರದ ಸಂಗತಿಯಲ್ಲ.

ಗೋವಾದಲ್ಲೊಂದು ಹಿಮದ ಭಂಡಾರ

ನಮ್ಮ ಧರ್ಮಕೇಂದ್ರಗಳಿಂದ, ಶಾಲೆಗಳಿಂದ ಗೋವಾಕ್ಕೆ ಹೋಗುವವರು ಅನೇಕರು. ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಅವಶೇಷಗಳಿಗೆ ವಂದಿಸಿ, ಸಮುದ್ರ ನೋಡಿ ಹಿಂದಿರುಗುತ್ತಾರೆ. ಅದೇ ಗೋವಾದ ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರವಿದೆ. ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆ ಹೊರಟಿದ್ದೂ ಗೋವಾದಿಂದಲೇ. 1981ರ ಡಿಸೆಂಬರಿನಲ್ಲಿ ಡಾ. ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ 21 ಜನ ಹಡಗನ್ನೇರಿ, 1982ರ ಜನವರಿಯಲ್ಲಿ ಹಿಮಖಂಡ ಮುಟ್ಟಿದರು. ಮುಂದೆ ಕಟ್ಟಿದ 'ದಕ್ಷಿಣ ಗಂಗೋತ್ರಿ' ಕೇಂದ್ರ ಹಿಮದಲ್ಲಿ ಹೂತುಹೋಯಿತು. ಆಮೇಲೆ 'ಮೈತ್ರಿ', 2012ರಲ್ಲಿ 'ಭಾರತಿ' ಕೇಂದ್ರಗಳು ಬಂದವು.

ವಾಸ್ಕೋದ ಕೇಂದ್ರದಲ್ಲಿ ಅಂಟಾರ್ಕ್ಟಿಕಾದಿಂದ ಕೊರೆದು ತಂದ ಹಿಮದ ಕಂಬಗಳನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಾಡುತ್ತಾರೆ. ಹಿಮದೊಳಗಿನ ಸಣ್ಣ ಗುಳ್ಳೆಗಳಲ್ಲಿ ಹಳೆಯ ಗಾಳಿ ಸೆರೆಯಾಗಿರುತ್ತದೆ. ಯುರೋಪಿನ ವಿಜ್ಞಾನಿಗಳು ತೆಗೆದ ಇಂಥ ಹಿಮ 8 ಲಕ್ಷ ವರ್ಷಗಳ ಕಥೆ ಹೇಳಿದೆ. ಕೈಗಾರಿಕೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 300 ಭಾಗಗಳನ್ನು ಮೀರಿರಲಿಲ್ಲ. ಇಂದು ಅದು 420 ದಾಟಿದೆ.

2025ರ ಮೇ ತಿಂಗಳಲ್ಲಿ ಇಲ್ಲಿ 'ಪೋಲಾರ್ ಭವನ' ಉದ್ಘಾಟನೆಯಾಯಿತು. ದೊಡ್ಡ ಗೋಲದ ಮೇಲೆ ಮೋಡ, ಸಾಗರ ಪ್ರವಾಹಗಳ ಚಲನೆಯನ್ನು ತೋರಿಸುವ ವ್ಯವಸ್ಥೆ ಅಲ್ಲಿದೆ. ಧ್ರುವ ಮತ್ತು ಸಾಗರಗಳ ವಸ್ತುಸಂಗ್ರಹಾಲಯದ ಯೋಜನೆಯೂ ಇದೆ. ಇದು ಸಂಶೋಧನೆಯ ಸ್ಥಳವಾದ್ದರಿಂದ ಮುಖ್ಯೋಪಾಧ್ಯಾಯರು ಮುಂಚಿತವಾಗಿ ಪತ್ರ ಬರೆದು, ಅನುಮತಿ ಪಡೆದೇ ಹೊರಡಬೇಕು. ಗೋವಾ ದೂರವಾದರೆ ಹತ್ತಿರದಲ್ಲಿ ಸೊಲ್ಲಾಪುರದ ವಿಜ್ಞಾನ ಕೇಂದ್ರವಿದೆ, ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಮುಟ್ಟಿ, ತಿರುಗಿಸಿ ಕಲಿಯುವ ರೂಢಿ ಅಲ್ಲಿಂದ ಆರಂಭವಾಗಲಿ.

ಹೊರಡುವ ಮುನ್ನ ಒಂದು ಪಾಠ

ಸಿದ್ಧತೆಯಿಲ್ಲದೆ ಹೋದ ಮಗು ಗಾಜಿನ ಪೆಟ್ಟಿಗೆಗಳ ಮುಂದೆ ಓಡುತ್ತದೆ. ಪ್ರಶ್ನೆಯೊಂದಿಗೆ ಹೋದ ಮಗು ನಿಂತು ನೋಡುತ್ತದೆ. ಮನೆಯಲ್ಲೇ ಇದನ್ನು ಮಾಡಿ ನೋಡಿ: ಎರಡು ಲೋಟಗಳಲ್ಲಿ ನೀರು ತೆಗೆದುಕೊಳ್ಳಿ. ಒಂದರಲ್ಲಿ ಐಸ್ ತುಂಡನ್ನು ತೇಲಿಬಿಡಿ. ಇನ್ನೊಂದರಲ್ಲಿ ನೀರಿನಿಂದ ಮೇಲೆ ಬರುವಷ್ಟು ದೊಡ್ಡ ಕಲ್ಲಿಟ್ಟು, ಅದರ ಮೇಲೆ ಐಸ್ ಇಡಿ. ನೀರಿನ ಮಟ್ಟ ಗುರುತಿಸಿ. ಐಸ್ ಕರಗಿದಾಗ ಮೊದಲ ಲೋಟದಲ್ಲಿ ಮಟ್ಟ ಹಾಗೇ ಇರುತ್ತದೆ, ಎರಡನೆಯದರಲ್ಲಿ ಏರುತ್ತದೆ. ಉತ್ತರ ಧ್ರುವದಲ್ಲಿ ಹಿಮ ಸಮುದ್ರದ ಮೇಲೆ ತೇಲುತ್ತದೆ. ಅಂಟಾರ್ಕ್ಟಿಕಾದ ಹಿಮದ ಬಹುಪಾಲು ನೆಲದ ಮೇಲಿದೆ. ಅದು ಕರಗಿದರೆ ಕಡಲು ಏಕೆ ಏರುತ್ತದೆಂದು ಮಗು ತಾನೇ ಹೇಳುತ್ತದೆ.

ವಿಶ್ವಾಸಿಗಳಿಗೇಕೆ ಈ ಚಿಂತೆ?

ಯೋಬನ ಗ್ರಂಥದ 38ನೇ ಅಧ್ಯಾಯದಲ್ಲಿ ದೇವರು ಯೋಬನನ್ನು ಹಿಮದ ಭಂಡಾರಗಳ ಬಗ್ಗೆ ಪ್ರಶ್ನಿಸುತ್ತಾರೆ. ಇಂದು ಆ ಭಂಡಾರದ ಬಾಗಿಲಿಗೆ ಮನುಷ್ಯ ಹೋಗಿದ್ದಾನೆ. ಅದು ಕರಗುತ್ತಿರುವುದನ್ನೂ ಕಂಡಿದ್ದಾನೆ. ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸೀ' ವಿಶ್ವಪರಿಪತ್ರದಲ್ಲಿ ಧ್ರುವಗಳ ಹಿಮ ಕರಗುವುದನ್ನು ಹೆಸರಿಸಿಯೇ ಎಚ್ಚರಿಸಿದ್ದರು. ಅದರ ಹತ್ತನೇ ವರ್ಷದ ನೆನಪಿಗೆ, 2025ರ ಅಕ್ಟೋಬರ್ 1ರಂದು, ಪೋಪ್ 14ನೇ ಲಿಯೋ ಅವರು ಗ್ರೀನ್‌ಲ್ಯಾಂಡಿನಿಂದ ತಂದ ಹಿಮದ ಬಂಡೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಸೃಷ್ಟಿಯನ್ನು ಅರಿಯುವುದೂ ಸೃಷ್ಟಿಕರ್ತನಿಗೆ ಸಲ್ಲಿಸುವ ಆರಾಧನೆಯೇ.

ಪ್ರಿಯ ಪಾಲಕರೇ, ಈ ಸಲ ಶಾಲೆಯ ಸಭೆಯಲ್ಲಿ ಪ್ರವಾಸದ ಮಾತು ಬಂದಾಗ ಕಲಿಕೆಗೆಂದು ಒಂದು ದಿನ ಕೇಳಿ. ಹಣವಿಲ್ಲವೆಂದು ಹಿಂದೆ ಉಳಿಯುವ ಮಗುವಿನ ಪಾಲನ್ನು ಧರ್ಮಕೇಂದ್ರದ ನಾಲ್ಕು ಮನೆಗಳು ಸೇರಿ ಭರಿಸಲಿ. ಮಕ್ಕಳು ಹಿಂದಿರುಗಿದ ರಾತ್ರಿ 'ಏನು ತಿಂದೆ?' ಎನ್ನುವ ಮೊದಲು 'ಏನು ಕಂಡೆ?' ಎಂದು ಕೇಳೋಣ.