ನಿಮಗಿದು ಗೊತ್ತೇ? ಗ್ರಿಡ್ ಕಾಯುವ ಬ್ಯಾಟರಿ

ದೈತ್ಯ ಬ್ಯಾಟರಿಯ ಸುದ್ದಿಯಲ್ಲಿ ಬರೀ ಮೆಗಾವ್ಯಾಟ್ ಹೇಳಿದರೆ ಅರ್ಧ ಮಾತು ನುಂಗಿದ ಹಾಗೆ. ಮೆಗಾವ್ಯಾಟ್ ಎಂದರೆ ನಲ್ಲಿಯ ಗಾತ್ರ, ಮೆಗಾವ್ಯಾಟ್-ಅವರ್ ಎಂದರೆ ತೊಟ್ಟಿಯ ಗಾತ್ರ. ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ 1 ಮೆಗಾವ್ಯಾಟ್-ಅವರ್ ಎಂದರೆ 1,000 ಯೂನಿಟ್.

2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ವಿದ್ಯುತ್ ಗೋಪುರಗಳು ಉರುಳಿ ಇಡೀ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಕತ್ತಲಲ್ಲಿ ಮುಳುಗಿತು. ಮರುವರ್ಷ ಇಲಾನ್ ಮಸ್ಕ್ ಟ್ವಿಟರ್‌ನಲ್ಲೇ ಪಂಥ ಕಟ್ಟಿದರು: ಒಪ್ಪಂದಕ್ಕೆ ಸಹಿ ಬಿದ್ದ 100 ದಿನದೊಳಗೆ ಅಲ್ಲಿ ಬ್ಯಾಟರಿ ನಿಲ್ಲಿಸದಿದ್ದರೆ ದುಡ್ಡು ಬೇಡ. ಗೆದ್ದರು. 2017ರ ಡಿಸೆಂಬರ್ 1ಕ್ಕೆ ಜೇಮ್ಸ್‌ಟೌನ್ ಬಳಿಯ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್, 129 ಮೆಗಾವ್ಯಾಟ್-ಅವರ್ ಬ್ಯಾಟರಿ ಚಾಲೂ ಆಯಿತು. (ದಿನ ಎಣಿಸಲು ಶುರುಮಾಡಿದಾಗಲೇ ಅರ್ಧ ಕೆಲಸ ಮುಗಿದಿತ್ತು. ಅಭಿಮಾನಿಗಳು ಇದನ್ನು ಹೇಳುವುದು ಕಡಿಮೆ.) ಪೂರ್ತಿ ಬಲದಲ್ಲಿ ಹರಿಸಿದರೆ ಒಂದೂಕಾಲು ಗಂಟೆಯಲ್ಲಿ ಅದು ಖಾಲಿ.

ಇಷ್ಟಕ್ಕೇ ಇಷ್ಟೊಂದು ಗದ್ದಲವೇ? ಎರಡೇ ವಾರದಲ್ಲಿ ಉತ್ತರ ಸಿಕ್ಕಿತು. ಡಿಸೆಂಬರ್ 14ರ ರಾತ್ರಿ ಎರಡರ ಹೊತ್ತಿಗೆ ಪಕ್ಕದ ವಿಕ್ಟೋರಿಯಾ ರಾಜ್ಯದ ಲಾಯ್ ಯಾಂಗ್ ಕಲ್ಲಿದ್ದಲು ಸ್ಥಾವರದ 560 ಮೆಗಾವ್ಯಾಟ್ ಘಟಕವೊಂದು ಟ್ರಿಪ್ ಆಯಿತು. ಗ್ರಿಡ್ಡಿನ ಆವರ್ತನ 50 ಹರ್ಟ್ಸ್‌ನಿಂದ ಕೆಳಗೆ ಜಾರತೊಡಗಿತು. ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ಆಚೆಯಿದ್ದ ಹಾರ್ನ್ಸ್‌ಡೇಲ್ ಕಣ್ಣು ಮಿಟುಕಿಸುವಷ್ಟರಲ್ಲಿ 7 ಮೆಗಾವ್ಯಾಟ್ ಚಿಲ್ಲರೆ ವಿದ್ಯುತ್ ಒದಗಿಸಿತು. ಆ ಕೆಲಸಕ್ಕೆಂದೇ ಒಪ್ಪಂದವಾಗಿದ್ದ ಬೇರೊಂದು ಕಲ್ಲಿದ್ದಲು ಘಟಕ ಎಚ್ಚೆತ್ತದ್ದು ಆಮೇಲೆ. ಹೋದ 560ರ ಮುಂದೆ 7 ಯಾವ ಲೆಕ್ಕ, ನಿಜ. ಆದರೆ ಉಗಿಯನ್ನು ಹೆಚ್ಚಿಸಿ ಟರ್ಬೈನನ್ನು ಇನ್ನಷ್ಟು ಒತ್ತುವುದಕ್ಕೆ ಕೆಲವು ಸೆಕೆಂಡುಗಳಾದರೂ ಬೇಕು, ಬ್ಯಾಟರಿಗೆ ಆ ತಾಪತ್ರಯವಿಲ್ಲ. ಇಂಥ ಬ್ಯಾಟರಿಗಳ ಹೆಗ್ಗಳಿಕೆ ಎಷ್ಟು ಕೂಡಿಟ್ಟಿವೆ ಎನ್ನುವುದಕ್ಕಿಂತ ಎಷ್ಟು ಬೇಗ ಕೈಬಿಚ್ಚುತ್ತವೆ ಎನ್ನುವುದರಲ್ಲಿದೆ.

ಸುಮ್ಮನೆ ಸಜ್ಜಾಗಿ ಕುಳಿತಿರುವುದಕ್ಕೂ ಬ್ಯಾಟರಿಗೆ ಹಣ ಸಂದಾಯವಾಗುತ್ತದೆ! 2019ರಲ್ಲಿ ಕೆಲವು ತಿಂಗಳು ಹಾಗೆ ಹಣ ಪಡೆದೂ ಸಜ್ಜಾಗಿರಲಿಲ್ಲ ಎಂದು ಇದೇ ಹಾರ್ನ್ಸ್‌ಡೇಲ್‌ಗೆ ನ್ಯಾಯಾಲಯ 2022ರಲ್ಲಿ 9 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಬ್ಯಾಟರಿಯಿಂದ ಗ್ರಿಡ್ ಕಾಯುವ ಉಪಾಯವೇನೂ ಹೊಸದಲ್ಲ. ಪೂರ್ವ ಜರ್ಮನಿಯ ನಡುವೆ ದ್ವೀಪದಂತಿದ್ದ ಪಶ್ಚಿಮ ಬರ್ಲಿನ್, ಪಕ್ಕದ ಗ್ರಿಡ್ಡಿನ ಆಸರೆಯಿಲ್ಲದೆ, ಆವರ್ತನ ಕಾಯಲು 1986ರಲ್ಲೇ 17 ಮೆಗಾವ್ಯಾಟ್ ಸೀಸ-ಆಮ್ಲ ಬ್ಯಾಟರಿ ಇಟ್ಟುಕೊಂಡಿತ್ತು.

ಈಗ ಅವುಗಳ ಗಾತ್ರವೇ ಬೇರೆ. 2024ರ ಏಪ್ರಿಲ್ 16ರ ಸಂಜೆ ಸ್ವಲ್ಪ ಹೊತ್ತು ಕ್ಯಾಲಿಫೋರ್ನಿಯಾದ ಗ್ರಿಡ್ಡಿಗೆ ಎಲ್ಲಕ್ಕಿಂತ ಹೆಚ್ಚು ವಿದ್ಯುತ್ ಕೊಟ್ಟದ್ದು ಬ್ಯಾಟರಿಗಳೇ: 6,000 ಮೆಗಾವ್ಯಾಟ್‌ಗೂ ಮೇಲೆ.

ಇಷ್ಟಾದರೂ, ಕೂಡಿಡುವ ಯೂನಿಟ್ಟುಗಳ ಲೆಕ್ಕದಲ್ಲಿ ಜಗತ್ತಿನಲ್ಲಿ ಇಂದಿಗೂ ಮುಂದಿರುವುದು ನೀರು. ಕರೆಂಟ್ ಹೆಚ್ಚಿದ್ದಾಗ ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ, ಬೇಕಾದಾಗ ಇಳಿಸುವುದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಯೋಜಿಸಿರುವ 2,000 ಮೆಗಾವ್ಯಾಟ್ ಶರಾವತಿ ಯೋಜನೆ ಈ ಜಾತಿಯದೇ. ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯವೂ ಹೌದು. ‘ಹಸಿರು’ ವಿದ್ಯುತ್ತಿಗೆ ಕಾಡು ಕಡಿಯುವುದು ಯಾವ ನ್ಯಾಯ ಎಂಬ ತಕರಾರು ಎದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಬ್ಯಾಟರಿಯೂ ಸಾಧು ಪ್ರಾಣಿಯೇನಲ್ಲ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ, ಹಳೆಯ ಟರ್ಬೈನ್ ಕಟ್ಟಡದೊಳಗೆ ಜೋಡಿಸಿದ್ದ 300 ಮೆಗಾವ್ಯಾಟ್ ಬ್ಯಾಟರಿಗೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಜನ ಮನೆ ತೊರೆಯಬೇಕಾಯಿತು. ಅದರಲ್ಲಿದ್ದದ್ದು ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್ಲುಗಳು.

ಈಗ ಗ್ರಿಡ್ ಬ್ಯಾಟರಿಗಳಲ್ಲಿ ಮೇಲುಗೈ ಲಿಥಿಯಂ-ಐರನ್-ಫಾಸ್ಫೇಟಿನದು. ಅಗ್ಗ, ಕೋಬಾಲ್ಟ್ ಬೇಡ, ಕಾದರೂ ಬೆಂಕಿಗೆ ಬೇಕಾದ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇದನ್ನು ಜಗತ್ತಿಗೆ ಪರಿಚಯಿಸಿದ 1997ರ ಸಂಶೋಧನಾ ಪ್ರಬಂಧಕ್ಕೆ ಮೂವರು ಲೇಖಕರು. ಒಬ್ಬರು 97ನೇ ವಯಸ್ಸಿನಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್. ಉಳಿದಿಬ್ಬರು ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ.