ಗದ್ದೆಯ ದೇವರಿಗೂ ಬಿಸಿನೀರ ಸ್ನಾನ: ಜಪಾನಿನ ನೋತೋ ಕರಾವಳಿ

ಡಿಸೆಂಬರ್ 5ರ ಸಂಜೆ ಜಪಾನಿನ ನೋತೋ ಸೀಮೆಯ ರೈತರ ಮನೆಗಳಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಾರೆ. ಆ ಸ್ನಾನ ಮನೆಯವರಿಗಲ್ಲ. ಯಜಮಾನ ಹಬ್ಬದ ಉಡುಪು ತೊಟ್ಟು ಗದ್ದೆಗೆ ಹೋಗಿ, ಕಣ್ಣಿಗೆ ಕಾಣದ ಅತಿಥಿಯೊಬ್ಬರನ್ನು ಕರೆತರುತ್ತಾನೆ. ಆ ಅತಿಥಿಯೇ ಗದ್ದೆಯ ದೇವರು. ಭತ್ತದ ತೆನೆ ಚುಚ್ಚಿ ದೇವರಿಗೆ ಕಣ್ಣು ಕಾಣಿಸದು ಎಂಬುದು ಅಲ್ಲಿನವರ ನಂಬಿಕೆ. ಆದ್ದರಿಂದ ಇಲ್ಲಿ ಹೊಸಿಲಿದೆ, ಇಲ್ಲಿ ಮೆಟ್ಟಿಲಿದೆ ಎಂದು ಬಾಯಲ್ಲಿ ಹೇಳುತ್ತ ಬಚ್ಚಲಿಗೆ ಕರೆದೊಯ್ದು, ನೀರು ಹದವಾಗಿದೆಯೇ ಎಂದೂ ವಿಚಾರಿಸುತ್ತಾನೆ. ಸ್ನಾನವಾದ ಮೇಲೆ ಊಟ. ದೇವರು ದಂಪತಿಗಳೆಂದು ಎರಡು ಎಡೆ ಇಡುತ್ತಾರೆ. ಎಡೆಯಲ್ಲಿ ಕವಲೊಡೆದ ಮೂಲಂಗಿ ಇರಲೇಬೇಕು. ಬಡಿಸಿದ್ದು ಏನೇನೆಂದು ಒಂದೊಂದಾಗಿ ಹೇಳುತ್ತಾರೆ. ಪೂಜಾರಿ ಇಲ್ಲ, ಗುಡಿಯೂ ಇಲ್ಲ. ಬಿತ್ತನೆಯ ಭತ್ತದ ಮೂಟೆಯೇ ದೇವರ ಮೂರ್ತಿ. 'ಆಎನೋಕೋತೊ' ಎಂಬ ಈ ಆಚರಣೆಯನ್ನು ಯುನೆಸ್ಕೊ 2009ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಜಪಾನ್ ಎಂದೊಡನೆ ನಿಮಗೆ ಟೋಕಿಯೊ ನಗರ, ವೇಗದ ರೈಲು, ಕಾರು, ರೇಡಿಯೊ ನೆನಪಾಗಬಹುದು. ಬಿಸಿನೀರ ಬುಗ್ಗೆ, ಹಳೆಯ ದೇವಾಲಯ, ಕಡಲು ಈ ಮೂರನ್ನೂ ರೈತನ ಬದುಕಿನ ಜೊತೆಯಲ್ಲೇ ಕಾಣಬೇಕಾದರೆ ನೋತೋಗೆ ಹೋಗಬೇಕು. ಇದು ಇಶಿಕಾವಾ ಜಿಲ್ಲೆಯಲ್ಲಿ ಜಪಾನ್ ಸಮುದ್ರದೊಳಕ್ಕೆ ಉತ್ತರಾಭಿಮುಖವಾಗಿ ಚಾಚಿಕೊಂಡ ಪರ್ಯಾಯದ್ವೀಪ. ಇಲ್ಲಿನ ಬೆಟ್ಟ ಮತ್ತು ಕಡಲಿನ ಬೇಸಾಯ ಪದ್ಧತಿಯನ್ನು ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಮನ್ನಿಸಿತು. ಟೋಕಿಯೊದಿಂದ ಕನಜಾವಾ ಪಟ್ಟಣಕ್ಕೆ ವೇಗದ ರೈಲಿನಲ್ಲಿ ಎರಡೂವರೆ ತಾಸಿನ ದಾರಿ, ಅಲ್ಲಿಂದ ಬುಗ್ಗೆಯ ಊರಾದ ವಾಕುರಾಕ್ಕೆ ಇನ್ನೊಂದು ರೈಲು. ಮುಂದಕ್ಕೆ ಹೆಚ್ಚಿನ ಊರುಗಳಿಗೆ ಬಸ್ಸು ಅಥವಾ ಬಾಡಿಗೆ ಕಾರೇ ಗತಿ. ವಾಜಿಮಾ ಊರಿನ ರೈಲು 2001ರಲ್ಲೇ ನಿಂತುಹೋಯಿತು.

ಆದರೆ ಹೊರಡುವ ಮುನ್ನ ಒಂದು ಸಂಗತಿ ತಿಳಿದಿರಬೇಕು. 2024ರ ಜನವರಿ 1ರಂದು, ಹೊಸ ವರ್ಷದ ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದಿದ್ದ ಹೊತ್ತಿನಲ್ಲಿ, ಸಂಜೆ 4 ಗಂಟೆ 10 ನಿಮಿಷಕ್ಕೆ ಇಲ್ಲಿ 7.6 ಪ್ರಮಾಣದ ಭೂಕಂಪವಾಯಿತು. ಮನೆ ಕುಸಿದು, ಮಣ್ಣು ಜರಿದು 220ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಭೂಕಂಪ ತಂದ ಬವಣೆಯಲ್ಲಿ ನರಳಿ ತೀರಿಕೊಂಡವರು ಇನ್ನೂ ಹೆಚ್ಚು. ಅದೇ ವರ್ಷದ ಸೆಪ್ಟೆಂಬರ್ 21ರಂದು ಸುರಿದ ಭಾರಿ ಮಳೆ ಅಳಿದುಳಿದ ಹೊಲ, ಮನೆಗಳ ಮೇಲೂ ಕೆಸರು ಎಳೆಯಿತು. ಹೀಗಿರುವಾಗ ಅಲ್ಲಿಗೆ ಪ್ರವಾಸ ಹೋಗುವುದು ಸರಿಯೇ ಎಂದು ನೀವು ಕೇಳಬಹುದು. ದಾರಿ ತೆರೆದಿದ್ದು, ತಂಗುವ ಮನೆಯವರು ಬನ್ನಿ ಎಂದರೆ ಹೋಗಬಹುದು ಎಂದೇ ನನ್ನ ಅಭಿಪ್ರಾಯ. ನಿಮ್ಮಿಂದ ಅಲ್ಲಿ ಒಂದು ಊಟ ಖರ್ಚಾದರೂ ಅದು ಊರಿಗೆ ಸೇರುತ್ತದೆ.

ಬುಗ್ಗೆಯ ಊರು

ವಾಕುರಾ ಎಂಬ ಹೆಸರಿಗೆ ಬಿಸಿನೀರು ಉಕ್ಕುವ ಕೊಲ್ಲಿ ಎಂದೇ ಮೂಲಾರ್ಥ. ಸುಮಾರು 1200 ವರ್ಷಗಳ ಹಿಂದೆ, ಕಾಲಿಗೆ ಗಾಯವಾದ ಬಿಳಿ ಕೊಕ್ಕರೆಯೊಂದು ಕಡಲ ನಡುವೆ ಒಂದೇ ಕಡೆ ನಿಂತಿದ್ದುದನ್ನು ಬೆಸ್ತರು ಕಂಡು, ಅಲ್ಲಿ ಬಿಸಿನೀರು ಇರುವುದನ್ನು ಅರಿತರಂತೆ. ನೀರು ಕಡಲಿನಂತೆಯೇ ಉಪ್ಪು. ಬಾಯಿಗೆ ತಾಗಿದರೆ ತಿಳಿಯುತ್ತದೆ. ಬುಗ್ಗೆಯ ಬಾಯಲ್ಲಿ ಮೊಟ್ಟೆ ಬೇಯುವಷ್ಟು ಕಾವು. ಜಪಾನಿನ 1948ರ ಕಾನೂನಿನಂತೆ ನೆಲದಿಂದ ಬರುವ ನೀರಿಗೆ 25 ಡಿಗ್ರಿ ಸೆಂಟಿಗ್ರೇಡ್ ಕಾವು ಇದ್ದರೂ ಸಾಕು, ಇಲ್ಲವೇ ಗೊತ್ತುಪಡಿಸಿದ ಖನಿಜ ಇದ್ದರೂ ಸಾಕು, ಅದು 'ಒನ್ಸೆನ್' ಎನಿಸಿಕೊಳ್ಳುತ್ತದೆ.

ಸ್ನಾನದ ರೀತಿ ನಮಗೆ ಹೊಸದು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳ. ಒಳಗೆ ಬಟ್ಟೆ ತೊಡುವಂತಿಲ್ಲ, ಲಂಗೋಟಿಯೂ ಕೂಡದು. ಮೊದಲ ದಿನ ನಾಚಿಕೆಯಾಗುತ್ತದೆ. ಯಾರೂ ಯಾರನ್ನೂ ನೋಡುವುದಿಲ್ಲವೆಂದು ತಿಳಿದ ಮೇಲೆ ಅದು ಹೋಗುತ್ತದೆ. ಕೊಳಕ್ಕೆ ಇಳಿಯುವ ಮೊದಲು ಪುಟ್ಟ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಮೈ ತೊಳೆದು, ನೊರೆಯನ್ನು ಪೂರ್ತಿ ಕಳೆದುಕೊಳ್ಳಬೇಕು. ಕೊಳ ಇರುವುದು ಕೊಳೆ ತೆಗೆಯಲಿಕ್ಕಲ್ಲ, ಮೈ ಕಾಯಿಸಲಿಕ್ಕೆ. ಕೈವಸ್ತ್ರವನ್ನು ನೀರಿಗೆ ಅದ್ದಬಾರದು. ತಲೆಯ ಮೇಲೆ ಮಡಿಸಿ ಇಟ್ಟುಕೊಳ್ಳಬಹುದು. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಹಚ್ಚೆ ಇದ್ದವರನ್ನು ಕೆಲವು ಕಡೆ ಒಳಗೆ ಬಿಡುವುದಿಲ್ಲವಾದ್ದರಿಂದ ಮೊದಲೇ ಕೇಳಿಕೊಳ್ಳುವುದು ಮೇಲು. ರಕ್ತದೊತ್ತಡ ಇರುವವರು ಹೆಚ್ಚು ಹೊತ್ತು ಕೂರಬಾರದು.

ಭೂಕಂಪದಲ್ಲಿ ವಾಕುರಾದ ವಸತಿಗೃಹಗಳೆಲ್ಲ ಬಾಗಿಲು ಹಾಕಿದವು. ಊರಿನ ಸಾರ್ವಜನಿಕ ಸ್ನಾನಗೃಹ ಮಾತ್ರ 2024ರ ಮಾರ್ಚಿಯಲ್ಲೇ ಮತ್ತೆ ತೆರೆಯಿತು. ಆಮೇಲೆ ಕೆಲವು ವಸತಿಗೃಹಗಳೂ ತೆರೆದಿವೆ. ಜಾಗ ಗೊತ್ತುಮಾಡಿಕೊಳ್ಳದೆ ಹೋಗಬೇಡಿ.

ಮತ್ತೆ ಮತ್ತೆ ಎದ್ದ ದೇವಾಲಯ

ವಾಕುರಾದಿಂದ ಪಶ್ಚಿಮದ ಕಡಲಿಗೆ ದಾಟಿದರೆ ಮೊನ್‌ಜೆನ್ ಎಂಬ ಊರು. ಅಲ್ಲಿರುವುದು ಝೆನ್ ಬೌದ್ಧರ ಸೋಜಿಜಿ. ಕೇಜಾನ್ ಎಂಬ ಗುರು ಇದನ್ನು 1321ರಲ್ಲಿ ಸ್ಥಾಪಿಸಿದರು. 1898ರ ಬೆಂಕಿಯಲ್ಲಿ ಬಹುಪಾಲು ಸುಟ್ಟು, 1911ರಲ್ಲಿ ಮುಖ್ಯ ಪೀಠ ಯೊಕೊಹಾಮಾಕ್ಕೆ ಹೋಯಿತು. ಊರಿನವರು ಬಿಡದೆ ಹಳೆಯ ಜಾಗದಲ್ಲೇ ಮತ್ತೆ ಕಟ್ಟಿದರು. 2007ರ ಮಾರ್ಚ್ 25ರ ಭೂಕಂಪ ಅದನ್ನು ಅಲುಗಿಸಿತು. ದುರಸ್ತಿಗೆ ಹದಿನಾಲ್ಕು ವರ್ಷ ಹಿಡಿದು 2021ರಲ್ಲಿ ಮುಗಿಯಿತು. ಮೂರು ವರ್ಷ ತುಂಬುವಷ್ಟರಲ್ಲಿ 2024ರ ಭೂಕಂಪ ಬಂದು ಉದ್ದನೆಯ ಪಡಸಾಲೆಯನ್ನು ಕೆಡವಿತು. ದೊಡ್ಡ ಮರದ ಹೆಬ್ಬಾಗಿಲು ಉಳಿದುಕೊಂಡಿತು. ಈಗ ಮತ್ತೆ ಮೊದಲಿನಿಂದ ಕೆಲಸ.

ಗೊರಬಿನ ಕೆಳಗಿನ ಗದ್ದೆ

ನಮ್ಮ ಓದುಗರು ತಪ್ಪದೆ ನೋಡಬೇಕಾದ್ದು ವಾಜಿಮಾದ ಶಿರೊಯೊನೆ ಸೆನ್‌ಮೈದಾ. ಸೆನ್‌ಮೈದಾ ಎಂದರೆ ಸಾವಿರ ಗದ್ದೆ. ಕಡಲಿನ ಅಂಚಿಗೆ ಇಳಿಯುವ ಸುಮಾರು 10 ಎಕರೆ ಇಳಿಜಾರಿನಲ್ಲಿ 1004 ಗದ್ದೆಗಳು! ಲೆಕ್ಕ ಹಾಕಿ ನೋಡಿ. ಒಂದೊಂದು ಅರ್ಧ ಗುಂಟೆಗೂ ಕಡಿಮೆ. ರೈತನೊಬ್ಬ ಸಂಜೆ ಗದ್ದೆ ಎಣಿಸಿದಾಗ ಎರಡು ಕಡಿಮೆ ಬಂದವಂತೆ. ಹುಡುಕಿ ಸೋತು, ಮನೆಗೆ ಹೊರಡಲು ಹುಲ್ಲಿನ ಗೊರಬನ್ನು ಎತ್ತಿದರೆ ಅದರ ಕೆಳಗೇ ಆ ಎರಡೂ ಇದ್ದವು ಎಂದು ಅಲ್ಲಿ ಕಥೆ ಹೇಳುತ್ತಾರೆ.

ಇಲ್ಲಿ ಯಂತ್ರ ಇಳಿಯುವುದಿಲ್ಲ. ಮೇ ತಿಂಗಳಲ್ಲಿ ನಾಟಿ, ಸೆಪ್ಟೆಂಬರಿನಲ್ಲಿ ಕೊಯ್ಲು, ಎರಡೂ ಕೈಯಲ್ಲೇ. ದುಡಿಯುವವರು ಸಾಲದೆ 2007ರಿಂದ ಊರಾಚೆಯವರಿಗೆ ಗದ್ದೆಯ ಒಡೆತನ ಕೊಡುವ ಏರ್ಪಾಡು ನಡೆದಿದೆ. ಅವರು ವರ್ಷಕ್ಕಿಷ್ಟು ಹಣ ಕೊಟ್ಟು, ನಾಟಿ ಕೊಯ್ಲಿಗೆ ಬಂದು, ಪಾಲಿನ ಅಕ್ಕಿ ಒಯ್ಯುತ್ತಾರೆ. ಪಕ್ಕದ ಸುಜು ಊರಿನಲ್ಲಿ ಅರ್ಧಕ್ಕೂ ಹೆಚ್ಚು ಜನ 65 ದಾಟಿದವರೆಂದರೆ ಇದರ ಅಗತ್ಯ ನಿಮಗೆ ಅರ್ಥವಾಗುತ್ತದೆ.

ಭೂಕಂಪದಿಂದ ಗದ್ದೆಗಳಲ್ಲಿ ಬಿರುಕು ಬಿದ್ದಿತು, ನೀರಿನ ಕಾಲುವೆ ಒಡೆಯಿತು. ಬಿರುಕು ಬಿಟ್ಟ ಗದ್ದೆಯಲ್ಲಿ ನೀರು ನಿಲ್ಲದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ತಮ್ಮ ಮನೆಯನ್ನೇ ಕಳೆದುಕೊಂಡವರೂ ಸೇರಿ ಬಿರುಕು ಮುಚ್ಚಿ, ಬದು ಮೆತ್ತಿ, 2024ರ ಮೇಯಲ್ಲಿ 120 ಗದ್ದೆಗಳಿಗೆ ನಾಟಿ ಹಾಕಿದರು. ಮುಂದಿನ ವರ್ಷ ಇನ್ನಷ್ಟು ಗದ್ದೆ ಹಸಿರಾದವು.

ಉಪ್ಪಿನ ಅಂಗಳ

ಅಲ್ಲಿಂದ ಸುಜು ಕಡೆಗೆ ತೀರದ ದಾರಿ ಹಿಡಿದರೆ ಉಪ್ಪಿನ ಅಂಗಳಗಳು. ನಾನೂರು ವರ್ಷಕ್ಕೂ ಹಿಂದಿನಿಂದ ಬಂದ ಕ್ರಮ ಇದು. ಕಡಲ ನೀರು ಹೊತ್ತು ತಂದು, ಮರದ ಬಾನಿಯಿಂದ ಮರಳಿನ ಮೇಲೆ ಮಳೆಹನಿಯಂತೆ ಚಿಮುಕಿಸುತ್ತಾರೆ. ನೀರು ಹೊರುವುದು ಕಲಿಯಲು ಮೂರು ವರ್ಷ, ಚಿಮುಕಿಸುವುದು ಕಲಿಯಲು ಹತ್ತು ವರ್ಷ ಎನ್ನುತ್ತಾರೆ. ಬಿಸಿಲಿಗೆ ಒಣಗಿದ ಉಪ್ಪು ಮರಳನ್ನು ಒಟ್ಟುಮಾಡಿ, ಅದರ ಮೇಲೆ ಮತ್ತೆ ಕಡಲ ನೀರು ಸುರಿದು, ಇಳಿದ ಗಟ್ಟಿ ಉಪ್ಪುನೀರನ್ನು ದೊಡ್ಡ ಕೊಪ್ಪರಿಗೆಯಲ್ಲಿ ಸೌದೆ ಉರಿಯಿಂದ ಬತ್ತಿಸುತ್ತಾರೆ. ಒಲೆಯ ಮುಂದೆ ರಾತ್ರಿಯೂ ಒಬ್ಬರು ಇರಲೇಬೇಕು.

ಈ ತೀರದ ನೆಲ 2024ರಲ್ಲಿ ಮೇಲಕ್ಕೆ ಎದ್ದಿತು. ಮೊನ್‌ಜೆನ್ ಬಳಿ ಸುಮಾರು 4 ಮೀಟರಿನಷ್ಟು! ಬಂದರುಗಳಲ್ಲಿ ದೋಣಿಗಳು ಒಣನೆಲದ ಮೇಲೆ ಕುಳಿತವು. ಬಿಳಿಚಿಕೊಂಡ ಹೊಸ ಬಂಡೆಗಳು ಇಂದಿಗೂ ತೀರದುದ್ದಕ್ಕೂ ಕಾಣುತ್ತವೆ. ಪ್ರವಾಸಿಗೆ ಅದು ವಿಚಿತ್ರ ಸೊಬಗು. ಉಪ್ಪು ಮಾಡುವವನಿಗೆ ಕಡಲು ದೂರ ಸರಿದು, ನೀರು ತರುವ ಕೆಲಸ ಹೆಚ್ಚಾಯಿತು. 2020ರ ಕೊನೆಯಿಂದ ಇಲ್ಲಿ ಸಣ್ಣ ಕಂಪನಗಳು ಬಿಡದೆ ಬರುತ್ತಿದ್ದವು. ಭೂಮಿಯ ಆಳದಿಂದ ಮೇಲೇರುವ ದ್ರವವೇ ಅವಕ್ಕೆ ಕಾರಣವೆಂದು ವಿಜ್ಞಾನಿಗಳ ಅಭಿಪ್ರಾಯ.

ಹಸಿರು ನೋಡಬೇಕೆಂದರೆ ಮೇಯಿಂದ ಸೆಪ್ಟೆಂಬರ್ ಆರಂಭದವರೆಗೆ ಹೋಗಿ. ಉಪ್ಪಿನ ಕೆಲಸವೂ ಆಗಲೇ. ಚಳಿಗಾಲದಲ್ಲಿ ಹೋಗುವವರಿಗೆ ಹಿಮ, ಗಾಳಿ, ಬಿಸಿನೀರು. ಗದ್ದೆಯ ದೇವರ ಹಬ್ಬವನ್ನು ಕೆಲವು ಕಡೆ ಹೊರಗಿನವರಿಗೂ ತೋರಿಸುತ್ತಾರೆ. ಮನೆಯೊಳಗಿನದಕ್ಕೆ ಕರೆಯದೆ ಹೋಗಬಾರದು. ಡಿಸೆಂಬರಿನಲ್ಲಿ ಬಂದ ದೇವರು ಚಳಿಗಾಲವೆಲ್ಲ ಮನೆಯಲ್ಲೇ ಇರುತ್ತಾನೆ. ಫೆಬ್ರವರಿ 9ರಂದು ಅವನಿಗೆ ಮತ್ತೊಮ್ಮೆ ಬಿಸಿನೀರು ಕಾಯಿಸಿ, ಉಣಬಡಿಸಿ, ಗದ್ದೆಗೆ ಕಳುಹಿಸಿಕೊಡುತ್ತಾರೆ.